ಚಿತ್ರ ನೋಡದೆ ಬರೆದ ಕಾದಂಬರಿಗಳು

ಜನಪ್ರಿಯ ವೈಜ್ಞಾನಿಕ ಚಲನಚಿತ್ರಗಳನ್ನು ಆಧರಿಸಿ ಬರೆದ ಕಾದಂಬರಿಗಳಿಗೆ ಸಾಹಿತ್ಯವಲಯದಲ್ಲಿ ಹೇಳಿಕೊಳ್ಳುವಂಥ ಮರ್ಯಾದೆ ಎಂದೂ ಸಿಕ್ಕಿಲ್ಲ. ಕಾದಂಬರಿಯೊಂದು ಚಿತ್ರವಾದರೆ ಅದನ್ನು ಕೃತಿಗೆ ಸಂದ ಗೌರವವೆಂದು ಬಗೆಯುವವರೇ, ಚಿತ್ರವೊಂದು ಕಾದಂಬರಿಯಾದರೆ ಅದನ್ನು ಪೋಸ್ಟರ್ ಮತ್ತು ಆಟಿಕೆಗಳ ಸಾಲಿಗೆ ಸೇರಿಸಿ ಸುಮ್ಮನಾಗುತ್ತಾರೆ. ಇಂಥ ಪುಸ್ತಕಗಳನ್ನು ಬಹುಕಾಲದಿಂದ ಪ್ರೀತಿಯಿಂದ ಓದಿಕೊಂಡು ಬಂದ ನನಗೆ ಈ ಧೋರಣೆ ಅನ್ಯಾಯವೆನಿಸುತ್ತದೆ. ಇವುಗಳನ್ನು ಬರೆದವರಲ್ಲಿ ಹೆಚ್ಚಿನವರು ಬರೆಯುವ ಹೊತ್ತಿಗೆ ಚಿತ್ರವನ್ನು ನೋಡಿಯೇ ಇರಲಿಲ್ಲ ಎಂಬ ಸಂಗತಿಯನ್ನು ಗಮನಕ್ಕೆ ತಂದುಕೊಳ್ಳದೆ ಇವುಗಳ ಬೆಲೆ ಕಟ್ಟುವುದು ಸಾಧ್ಯವಿಲ್ಲ.

ಚಿತ್ರ ತೆರೆ ಕಾಣುವ ದಿನಕ್ಕೆ ಪುಸ್ತಕವೂ ಓದುಗರ ಕೈಗೆ ಸಿಗಬೇಕು. ಅಚ್ಚಿಗೆ, ಹಂಚಿಕೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಚಿತ್ರೀಕರಣ ಇನ್ನೂ ನಡೆಯುತ್ತಿರುವಾಗಲೇ ಲೇಖಕರ ಕೈಗೆ ಚಿತ್ರಕಥೆಯ ಯಾವುದೋ ಒಂದು ಕರಡು ಬರುತ್ತದೆ, ಅದೃಷ್ಟವಿದ್ದರೆ ಒಂದಿಷ್ಟು ಸ್ಥಿರಚಿತ್ರಗಳೂ ಬರುತ್ತವೆ, ಅವುಗಳ ಜೊತೆಗೆ ಬಿಗಿಯಾದ ಗಡುವು. ನಟರ ಮುಖಭಾವ, ಸಂಗೀತ, ಬೆಳಕು ಯಾವುದೂ ಅವರ ಮುಂದಿರುವುದಿಲ್ಲ. ಸಂಭಾಷಣೆ ಮತ್ತು ಒಂದೆರಡು ಸಾಲಿನ ಸೂಚನೆಗಳಷ್ಟೇ ಇರುವ ನೂರು ಚಿಲ್ಲರೆ ಪುಟಗಳಿಂದ ಅವರು ಇಡೀ ಒಂದು ಲೋಕವನ್ನು ಕಟ್ಟಬೇಕು. ಮುಂದೆ ಸಂಕಲನದ ಹೊತ್ತಿಗೆ ನಿರ್ದೇಶಕರು ಕತ್ತರಿಸಿ ಹಾಕುವ ದೃಶ್ಯಗಳು ಪುಸ್ತಕದಲ್ಲಿ ಹಾಗೆಯೇ ಉಳಿದುಬಿಡುತ್ತವೆ. ಚಿತ್ರವು ಒಂದು ಹಂತದಲ್ಲಿ ಏನಾಗಲು ಹೊರಟಿತ್ತೋ ಅದರ ದಾಖಲೆ ಹೀಗೆ ನಮಗೆ ಈ ಪುಟಗಳಲ್ಲಿ ಸಿಗುತ್ತದೆ.

'ಸ್ಟಾರ್ ವಾರ್ಸ್' ಇದಕ್ಕೆ ಒಳ್ಳೆಯ ಉದಾಹರಣೆ. ಚಿತ್ರ ಬಿಡುಗಡೆಯಾದದ್ದು 1977ರ ಮೇ ತಿಂಗಳಲ್ಲಿ. ಕಾದಂಬರಿ 1976ರ ಕೊನೆಯಲ್ಲೇ ಹೊರಬಂದಿತ್ತು. ಮುಖಪುಟದಲ್ಲಿ ಚಿತ್ರದ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಅವರ ಹೆಸರಿದ್ದರೂ ಬರೆದವರು ಅಲನ್ ಡೀನ್ ಫಾಸ್ಟರ್. ಚಿತ್ರದ ಕೊನೆಯ ಯುದ್ಧದಲ್ಲಿ ಬಂಡುಕೋರರ ಕೆಂಪು ದಳದೊಂದಿಗೆ ಹಾರುವ ಕಥಾನಾಯಕ ಲ್ಯೂಕ್ ಪುಸ್ತಕದಲ್ಲಿ ನೀಲಿ ದಳದವನು. ಅವನ ಬಾಲ್ಯದ ಗೆಳೆಯ ಬಿಗ್ಸ್ ಊರಿಗೆ ಬಂದು, ತಾನು ಬಂಡುಕೋರರನ್ನು ಸೇರಲಿರುವುದಾಗಿ ಗುಟ್ಟಾಗಿ ತಿಳಿಸುವ ಭಾಗ ಚಿತ್ರದಿಂದ ಬಿಟ್ಟುಹೋಗಿದ್ದರೂ ಇಲ್ಲಿ ಇದೆ. ಅದನ್ನು ಓದಿದವರಿಗೆ ಕೊನೆಯ ಯುದ್ಧದಲ್ಲಿ ಬಿಗ್ಸ್ ಸಾಯುವುದು ನಿಜವಾದ ನಷ್ಟವಾಗಿ ತಟ್ಟುತ್ತದೆ. ಇವೆಲ್ಲಕ್ಕಿಂತ ನನಗೆ ಕುತೂಹಲಕರವಾಗಿ ಕಂಡದ್ದು ಪೀಠಿಕೆ. ಚಕ್ರವರ್ತಿ ಪಾಲ್ಪಟೀನ್‌ನ ಹೆಸರು ಅಲ್ಲಿಯೇ ಬರುತ್ತದೆ. ಆದರೆ ಅಲ್ಲಿನ ಪಾಲ್ಪಟೀನ್ ಅಧಿಕಾರಕ್ಕೇರಿದ ಮೇಲೆ ಜನರಿಂದ ದೂರವಾಗಿ, ತಾನೇ ನೇಮಿಸಿದ ಹೊಗಳುಭಟರ ಕೈಗೊಂಬೆಯಾಗುವ ದುರ್ಬಲ ದೊರೆ. ಮುಂದಿನ ಚಿತ್ರಗಳಲ್ಲಿ ಎಲ್ಲ ಸೂತ್ರಗಳನ್ನೂ ತಾನೇ ಹಿಡಿದಿರುವ ಆ ಕರಾಳ ವ್ಯಕ್ತಿ ಆಗಿನ್ನೂ ರೂಪುಗೊಂಡಿರಲಿಲ್ಲ. ಒಂದು ಕಥಾಲೋಕ ಇನ್ನೂ ಹದಗೊಳ್ಳುತ್ತಿದ್ದ ಕ್ಷಣವನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಬೇರೆಡೆ ಸುಲಭವಾಗಿ ಸಿಗುವುದಿಲ್ಲ.

ಇದೇ ಫಾಸ್ಟರ್ 1979ರ 'ಏಲಿಯನ್' ಚಿತ್ರವನ್ನೂ ಕಾದಂಬರಿಯಾಗಿಸಿದರು. ಬಾಹ್ಯಾಕಾಶ ನೌಕೆಯೊಂದರ ಸಿಬ್ಬಂದಿಯನ್ನು ಬೇಟೆಯಾಡುವ, ಕಲಾವಿದ ಎಚ್. ಆರ್. ಗೀಗರ್ ವಿನ್ಯಾಸಗೊಳಿಸಿದ ಅನ್ಯಲೋಕದ ಜೀವಿಯ ಚಿತ್ರವನ್ನು ನಿರ್ಮಾಣ ಸಂಸ್ಥೆ ಅವರಿಗೆ ತೋರಿಸಲೇ ಇಲ್ಲ. ಇಡೀ ಕಥೆ ಯಾವ ಪ್ರಾಣಿಯ ಸುತ್ತ ನಡೆಯುತ್ತದೆಯೋ ಅದು ಹೇಗಿದೆಯೆಂದು ತಿಳಿಯದೆ ಕಾದಂಬರಿ ಬರೆಯಬೇಕಾದ ಸ್ಥಿತಿಯನ್ನು ಊಹಿಸಿಕೊಳ್ಳಿ. ಫಾಸ್ಟರ್ ಪ್ರಾಣಿಯ ಪೂರ್ಣರೂಪದ ವರ್ಣನೆಗೆ ಹೋಗಲಿಲ್ಲ. ಅವರ ಗಮನವೆಲ್ಲ ನೌಕೆಯೊಳಗಿನ ಇಕ್ಕಟ್ಟಿನ ಮೇಲೆ, ಸಿಬ್ಬಂದಿಯ ದಣಿವು ಮತ್ತು ಪರಸ್ಪರ ಸಂಶಯಗಳ ಮೇಲೆ ನಿಂತಿದೆ. ಭಯ ಬೆಳೆಯುವುದು ಅದನ್ನು ಎದುರಿಸುವವರ ಮನಸ್ಸಿನಲ್ಲಿ. ಗೀಗರ್ ಅವರ ಆ ಅದ್ಭುತ ಆಕೃತಿಯನ್ನು ಪದಗಳಲ್ಲಿ ಹಿಡಿಯಲು ಹೊರಟಿದ್ದರೆ ಪುಸ್ತಕ ಚಿತ್ರದೆದುರು ಸೋಲುತ್ತಿತ್ತೆಂದೇ ನನ್ನ ನಂಬಿಕೆ. ಇನ್ನೊಂದು ಮಾತು: ಆ ಪ್ರಾಣಿಯ ಗೂಡಿನಲ್ಲಿ ಅರೆಜೀವವಾಗಿ ಸಿಕ್ಕಿಕೊಂಡಿರುವ ಕ್ಯಾಪ್ಟನ್ ಡಲ್ಲಾಸ್‌ನನ್ನು ಕಥಾನಾಯಕಿ ರಿಪ್ಲಿ ಕಾಣುವ ಸನ್ನಿವೇಶ ಮೂಲ ಬಿಡುಗಡೆಯಲ್ಲಿ ಇರಲಿಲ್ಲ, 2003ರ ನಿರ್ದೇಶಕರ ಆವೃತ್ತಿಯಲ್ಲಿ ಸೇರಿತು. ಕಾದಂಬರಿಯ ಓದುಗರಿಗೆ ಅದು ಮೊದಲಿನಿಂದಲೂ ಗೊತ್ತಿತ್ತು.

ಲೇಖಕರ ಕೊಡುಗೆ ಭಾಷೆಯನ್ನೂ ದಾಟಿ ಕಥೆಯ ತರ್ಕಕ್ಕೇ ತಾಗಿದ ಸಂದರ್ಭವೆಂದರೆ 1966ರ 'ಫೆಂಟಾಸ್ಟಿಕ್ ವಾಯೇಜ್'. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿರುವ ವಿಜ್ಞಾನಿಯೊಬ್ಬನನ್ನು ಉಳಿಸಲು ಒಂದು ಜಲಾಂತರ್ಗಾಮಿಯನ್ನೂ ಅದರೊಳಗಿನ ತಂಡವನ್ನೂ ಕಣ್ಣಿಗೆ ಕಾಣದಷ್ಟು ಕಿರಿದಾಗಿಸಿ ಅವನ ರಕ್ತನಾಳಕ್ಕೆ ಬಿಡುತ್ತಾರೆ. ಅವರಿಗಿರುವುದು 60 ನಿಮಿಷ; ಅದಾದ ಮೇಲೆ ಕುಗ್ಗಿದ್ದೆಲ್ಲ ಮತ್ತೆ ಹಿಗ್ಗತೊಡಗುತ್ತದೆ. ಚಿತ್ರದಲ್ಲಿ ಬಿಳಿ ರಕ್ತಕಣವೊಂದು ಜಲಾಂತರ್ಗಾಮಿಯನ್ನು ನುಂಗಿಹಾಕುತ್ತದೆ, ಬದುಕುಳಿದವರು ರೋಗಿಯ ಕಣ್ಣೀರಿನ ಹನಿಯೊಂದಿಗೆ ಹೊರಬರುತ್ತಾರೆ, ಕಥೆ ಮುಗಿಯುತ್ತದೆ. ಕಾದಂಬರಿ ಬರೆಯಲು ಒಪ್ಪಿದ ಐಸಾಕ್ ಅಸಿಮೋವ್ ಅವರಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ನುಂಗಿದರೂ, ಚೂರುಚೂರಾದರೂ ಜಲಾಂತರ್ಗಾಮಿಯ ಪರಮಾಣುಗಳೆಲ್ಲ ದೇಹದೊಳಗೇ ಇವೆಯಲ್ಲ; ಗಡುವು ಮೀರಿದ ಕೂಡಲೇ ಅವು ಹಿಗ್ಗಿ ರೋಗಿಯನ್ನು ಕೊಲ್ಲಬೇಕಲ್ಲವೇ? ಅವರ ಕಾದಂಬರಿಯಲ್ಲಿ ತಂಡದವರು ಆ ಬಿಳಿ ರಕ್ತಕಣವನ್ನೇ ತಮ್ಮ ಬೆನ್ನು ಹತ್ತುವಂತೆ ಕೆಣಕಿ, ಅದರ ಹೊಟ್ಟೆಯಲ್ಲಿರುವ ಅವಶೇಷಗಳ ಸಮೇತ ಕಣ್ಣಿನ ಮೂಲಕ ಹೊರಗೆ ತರುತ್ತಾರೆ. ಒಂದು ದೊಡ್ಡ ತೂತನ್ನು ಮುಚ್ಚಿದ್ದಲ್ಲದೆ, ಕಥೆಗೆ ಇನ್ನೊಂದು ರೋಚಕ ತಿರುವೂ ಇದರಿಂದ ದಕ್ಕಿತು. ಅಸಿಮೋವ್ ವೇಗವಾಗಿ ಬರೆಯುವವರು, ಚಿತ್ರ ತಡವಾಯಿತು. ಪುಸ್ತಕ ಮೊದಲು ಬಂದದ್ದರಿಂದ ಚಿತ್ರವೇ ಪುಸ್ತಕವನ್ನು ಆಧರಿಸಿದ್ದೆಂದು ಅನೇಕರು ಇಂದಿಗೂ ತಿಳಿದಿದ್ದಾರೆ. ಆದರೂ ಕುಗ್ಗಿಸುವ ವಿಜ್ಞಾನದ ಬಗ್ಗೆ ಅವರಿಗೆ ಸಮಾಧಾನವಿರಲಿಲ್ಲವಾಗಿ, 1987ರಲ್ಲಿ ಅದೇ ಕಲ್ಪನೆಯನ್ನು ತೆಗೆದುಕೊಂಡು ಸಂಪೂರ್ಣ ಬೇರೆಯದೇ ಒಂದು ಕಾದಂಬರಿಯನ್ನು ಬರೆದರು.

ಆರ್ಥರ್ ಸಿ. ಕ್ಲಾರ್ಕ್ ಅವರ '2001: ಎ ಸ್ಪೇಸ್ ಒಡಿಸ್ಸಿ' ಈ ಗುಂಪಿಗೆ ಪೂರ್ತಿ ಸೇರುವುದಿಲ್ಲ, ಏಕೆಂದರೆ ಅವರೂ ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರೂ ಚಿತ್ರ ಮತ್ತು ಕಾದಂಬರಿಗಳನ್ನು ಜೊತೆಜೊತೆಯಾಗಿಯೇ ಬೆಳೆಸಿದರು. ಕಾದಂಬರಿಯ ನೌಕೆ ಶನಿಗ್ರಹಕ್ಕೆ ಹೋಗುತ್ತದೆ. ಶನಿಯ ಉಂಗುರಗಳನ್ನು ನಂಬುವಂತೆ ತೆರೆಗೆ ತರಲಾಗದೆ ಚಿತ್ರದ ನೌಕೆ ಗುರುಗ್ರಹದಲ್ಲೇ ನಿಂತಿತು. ಮುಂದಿನ ಭಾಗವನ್ನು ಬರೆಯುವಾಗ ಕ್ಲಾರ್ಕ್ ತಮ್ಮ ಪುಸ್ತಕವನ್ನು ಬದಿಗಿಟ್ಟು ಚಿತ್ರದ ಗುರುಗ್ರಹವನ್ನೇ ಒಪ್ಪಿಕೊಂಡರು.

ಜೇಮ್ಸ್ ಕ್ಯಾಮರೂನ್ ನಿರ್ದೇಶಿಸಿದ 'ದಿ ಅಬಿಸ್' ಚಿತ್ರದ ವಿಷಯದಲ್ಲಿ ಹರಿವು ಇನ್ನೊಂದು ದಿಕ್ಕಿಗೆ ತಿರುಗಿತು. ಕಾದಂಬರಿ ಬರೆದ ಆರ್ಸನ್ ಸ್ಕಾಟ್ ಕಾರ್ಡ್ ಮೊದಲ ಅಧ್ಯಾಯಗಳಲ್ಲಿ ಮುಖ್ಯ ಪಾತ್ರಗಳ ಪೂರ್ವಜೀವನವನ್ನು, ಚಿತ್ರಕಥೆಯಲ್ಲಿ ಇಲ್ಲದ ಅವರ ಬಾಲ್ಯವನ್ನು ಕಟ್ಟಿಕೊಟ್ಟರು. ಕ್ಯಾಮರೂನ್ ಆ ಅಧ್ಯಾಯಗಳನ್ನು ನಟರಿಗೇ ಓದಲು ಕೊಟ್ಟರು. ಚಿತ್ರದಿಂದ ಹುಟ್ಟಿದ ಪುಸ್ತಕ ಹಿಂತಿರುಗಿ ಚಿತ್ರವನ್ನು ಪೋಷಿಸಿದ ಈ ಪ್ರಸಂಗವನ್ನು ಇಂಥ ಕಾದಂಬರಿಗಳನ್ನು ಹೀಗಳೆಯುವವರು ಒಮ್ಮೆಯಾದರೂ ಯೋಚಿಸಬೇಕು.

ಎಲ್ಲ ಪುಸ್ತಕಗಳೂ ಹೀಗಿವೆಯೆಂದು ನಾನು ಹೇಳುವುದಿಲ್ಲ. ಸಂಭಾಷಣೆಗಳ ನಡುವೆ 'ಎಂದನು', 'ಎಂದಳು' ತುಂಬಿಸಿ ಪುಟ ಬೆಳೆಸಿದವು ಎಷ್ಟೋ ಇವೆ. ಬರೆಯಲೇಬಾರದಿದ್ದ ಸಂದರ್ಭಗಳೂ ಇವೆ. 'ಬ್ಲೇಡ್ ರನ್ನರ್' ಚಿತ್ರ ಸಿದ್ಧವಾಗುತ್ತಿದ್ದಾಗ, ಅದಕ್ಕೆ ಆಧಾರವಾದ 1968ರ ತಮ್ಮ ಕಾದಂಬರಿಯನ್ನು ಬದಿಗೆ ಸರಿಸಿ ಚಿತ್ರಕಥೆಯಂತೆ ಹೊಸದೊಂದನ್ನು ಬರೆದುಕೊಟ್ಟರೆ ದೊಡ್ಡ ಮೊತ್ತ ಸಿಗುತ್ತದೆಂಬ ಪ್ರಸ್ತಾಪ ಫಿಲಿಪ್ ಕೆ. ಡಿಕ್ ಅವರ ಮುಂದೆ ಬಂದಿತ್ತು. ಅವರು ನಿರಾಕರಿಸಿದರು, ಮೂಲ ಕಾದಂಬರಿಯೇ ಚಿತ್ರದ ಹೆಸರಿನೊಂದಿಗೆ ಮರುಮುದ್ರಣವಾಯಿತು. ಆ ನಿರಾಕರಣೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ಮನೆಮನೆಗೆ ವಿಡಿಯೊ ಕ್ಯಾಸೆಟ್ ಬರುವ ಮೊದಲು, ಚಿತ್ರಮಂದಿರದಿಂದ ತೆಗೆದ ಚಿತ್ರವನ್ನು ಮತ್ತೆ ಅನುಭವಿಸಲು ಇದ್ದ ದಾರಿ ಈ ಪುಸ್ತಕಗಳೇ. ಅಷ್ಟು ಓದುಗರನ್ನು ತಲುಪಿದರೂ ಬರೆದವರ ಸ್ಥಾನ ಭದ್ರವಾಗಿರಲಿಲ್ಲ. 'ಸ್ಟಾರ್ ವಾರ್ಸ್' ಮತ್ತು 'ಏಲಿಯನ್' ಹಕ್ಕುಗಳು ಡಿಸ್ನಿ ಸಂಸ್ಥೆಗೆ ಹೋದ ಮೇಲೆ ತಮ್ಮ ಪುಸ್ತಕಗಳ ರಾಯಲ್ಟಿ ನಿಂತುಹೋಗಿದೆಯೆಂದು ಫಾಸ್ಟರ್ 2020ರಲ್ಲಿ ಬಹಿರಂಗವಾಗಿ ಹೇಳಬೇಕಾಯಿತು. ಅಮೆರಿಕದ ವೈಜ್ಞಾನಿಕ ಸಾಹಿತಿಗಳ ಸಂಘ ಅವರ ಬೆಂಬಲಕ್ಕೆ ನಿಂತಿತು.

ಚಿತ್ರವನ್ನು ನೆನಪಿಡುವ ಕೆಲಸಕ್ಕೆ ಈಗ ಪುಸ್ತಕ ಬೇಕಿಲ್ಲ. ಆದರೆ ಚಿತ್ರಕ್ಕೆ ಕೈಗೆಟುಕದ ಒಂದು ಜಾಗ ಇನ್ನೂ ಇದೆಯೆಂಬುದಕ್ಕೆ ಮ್ಯಾಥ್ಯೂ ಸ್ಟೋವರ್ ಬರೆದ, 'ಸ್ಟಾರ್ ವಾರ್ಸ್' ಸರಣಿಯ 2005ರ 'ರಿವೆಂಜ್ ಆಫ್ ದಿ ಸಿತ್' ಕಾದಂಬರಿ ಸಾಕ್ಷಿ. ಚಿತ್ರದಲ್ಲಿ ನಾಯಕ ಅನಾಕಿನ್ ಕೇಡಿನ ಕತ್ತಲ ಕಡೆಗೆ ಜಾರುವುದು ಅವಸರವಾಗಿ ಕಾಣುತ್ತದೆಂದು ದೂರುವವರು ಬಹಳ. ಸ್ಟೋವರ್ ಅವನ ಭಯವನ್ನು ಎದೆಯೊಳಗೆ ಸುತ್ತಿಕೊಂಡು ಮಲಗಿದ, ಎಲ್ಲವೂ ಸಾಯುತ್ತದೆಂದು ಪಿಸುಗುಟ್ಟುವ ತಣ್ಣನೆಯ ಡ್ರ್ಯಾಗನ್ ಆಗಿ ಕಲ್ಪಿಸಿ, ಪುಸ್ತಕದ ಉದ್ದಕ್ಕೂ ಅದು ಮತ್ತೆ ಮತ್ತೆ ಮಿಸುಕುವಂತೆ ಮಾಡುತ್ತಾರೆ. ಕೆಲವೆಡೆ ಓದುಗರನ್ನೇ 'ನೀನು' ಎಂದು ಸಂಬೋಧಿಸಿ ಅವನ ಮೈಯೊಳಗೆ ಇಳಿಸಿಬಿಡುತ್ತಾರೆ. ಇದನ್ನು ಓದಿದ ಮೇಲೆ ಚಿತ್ರದ ಅದೇ ದೃಶ್ಯಗಳನ್ನು ನೋಡಿದಾಗ, ನಟನ ಮೌನದಲ್ಲಿ ಮೊದಲು ಕಾಣದಿದ್ದ ದಿಗಿಲು ನನಗೆ ಕಾಣತೊಡಗಿತು.