ಹಂಡೆ ಹಿಂದಿನ ಸೇನೆ

ತೀರ್ಥಹಳ್ಳಿಯಲ್ಲಿ ಮೂರು ದಿನದಿಂದ ಬಿಡದ ಮಳೆ. ಕರೆಂಟ್ ಬಂದಾಗೆಲ್ಲ ಅಕ್ಕನ ಮಗನ ಜೊತೆ ‘ಕೆರೊರೊ ಗುನ್ಸೊ’ ನೋಡುತ್ತಿದ್ದೇನೆ. 2004ರಲ್ಲಿ ಶುರುವಾದ ಜಪಾನಿನ ಕಾರ್ಟೂನ್, ಒಟ್ಟು 358 ಕಂತು! ಭೂಮಿ ಗೆಲ್ಲಲು ಬಂದ ಐದು ಕಪ್ಪೆಗಳ ಕಥೆ. ಅವುಗಳ ಸಾರ್ಜೆಂಟ್ ಸಿಕ್ಕಿಬಿದ್ದು ಒಂದು ಮನೆಯಲ್ಲಿ ಕಸ ಗುಡಿಸುತ್ತಾನೆ. ಬಿಡುವಾದರೆ ಪ್ಲಾಸ್ಟಿಕ್ ರೋಬೋಟ್ ಜೋಡಿಸುತ್ತಾ ಕೂರುತ್ತಾನೆ. ದಂಡಯಾತ್ರೆ ನಾಳೆ ನೋಡೋಣ ಅಂತ. ಬಂದ ನೆಂಟರನ್ನೂ ಅಡಿಕೆ ಸುಲಿಯಲು ಕೂರಿಸುವ ನಮ್ಮ ಕಡೆ ಇಳಿದಿದ್ದರೂ ಅವನ ಗತಿ ಅಷ್ಟೇ ಅಲ್ವಾ?

ನಿನ್ನೆ ರಾತ್ರಿ ಬಚ್ಚಲಲ್ಲಿ ನಿಜವಾದ ಕಪ್ಪೆ. ಹಂಡೆ ಹಿಂದೆ ಕೂತಿತ್ತು, ಗಂಟಲು ಮಾತ್ರ ಪುಟುಪುಟು. ಪೊರಕೆ ತಂದೆ. ಹುಡುಗ ಅಡ್ಡ ನಿಂತ. “ಮಾಮ, ಮೊದಲು ಅದರ ಪ್ಲಾನ್ ಏನು ಕೇಳು.”

ಕೇಳಿದೆ. ನನ್ನ ಚೊಂಬಿನೊಳಗೆ ಹಾರಿತು.