ಭಾವಾತಿರೇಕ ಎಂದು ಯಾರ ಬಗ್ಗೆ ಹೇಳುತ್ತೇವೆ?

ಭಾವ ಮತ್ತು ಅತಿರೇಕ ಸೇರಿ ಭಾವಾತಿರೇಕ. ಸವರ್ಣದೀರ್ಘ ಸಂಧಿ, ಆದ್ದರಿಂದ 'ವಾ' ದೀರ್ಘವೇ ಇರಬೇಕು, 'ಭಾವತಿರೇಕ' ತಪ್ಪು. ಅತಿರೇಕದ ಒಳಗಿರುವ ಸಂಸ್ಕೃತ ಧಾತು 'ರಿಚ್', ಅಂದರೆ ಖಾಲಿ ಮಾಡು, ಬಿಡು. ಬರಿಗೈ ಎನ್ನುವ ರಿಕ್ತಹಸ್ತ, ಭೇದಿ ಮಾಡಿಸಿ ಹೊಟ್ಟೆ ಖಾಲಿ ಮಾಡುವ ವಿರೇಚನ, ಉಸಿರು ಹೊರಬಿಡುವ ರೇಚಕ ಎಲ್ಲವೂ ಇದರ ಮಕ್ಕಳೇ. ಖಾಲಿಯ ಧಾತುವಿಗೆ 'ಅತಿ' ಸೇರಿ, ಬೇಕಾದಷ್ಟು ಆದ ಮೇಲೂ ಮಿಕ್ಕಿದ್ದು ಎಂಬ ಅರ್ಥ ಬಂದಿದೆ.

ಕನ್ನಡದಲ್ಲಿ ಅತಿರೇಕ ಒಂಟಿಯಾಗಿ ಬಂದರೆ ಬೈಗುಳವೇ: 'ಇದು ಅತಿರೇಕವಾಯ್ತು.' ಹರ್ಷಾತಿರೇಕಕ್ಕೆ ಮಾತ್ರ ಆ ಕಹಿ ಇಲ್ಲ. ಗೆದ್ದ ತಂಡದವರು ಹರ್ಷಾತಿರೇಕದಿಂದ ಕುಣಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಭಾವಾತಿರೇಕ ಇವೆರಡರ ನಡುವೆ ನಿಂತಿದೆ, ಆದರೆ ವಾಲುವುದು ಬೈಗುಳದ ಕಡೆಗೇ. ಭಾವವನ್ನು ಅಳೆದು 'ಇಷ್ಟು ಬೇಕಿರಲಿಲ್ಲ' ಎನ್ನುವವನ ಮಾತು ಅದು. ಮೆಚ್ಚಿ ಹೇಳುವುದಾದರೆ ಭಾವಪರವಶ ಎನ್ನಿ. ಸ್ವಭಾವದ ಮಾತಾದರೆ ಭಾವುಕ ಸಾಕು.

ನೆಂಟ ಪದಗಳನ್ನು ಅದಲುಬದಲು ಮಾಡುವುದೇ ಹೆಚ್ಚು. ಉದ್ವೇಗದಲ್ಲಿ ತಳಮಳವಿದೆ, ನಡುಕವಿದೆ ('ವಿಜ್' ಧಾತುವಿನ ಅರ್ಥವೇ ನಡುಗು). ಹಾಗಾಗಿ ಫಲಿತಾಂಶಕ್ಕೆ ಕಾಯುವಾಗ ಉದ್ವೇಗ, ಬಂದ ಮೇಲೆ ಹರ್ಷಾತಿರೇಕ. ಉದ್ರೇಕಕ್ಕೆ ಹೊರಗಿನ ಕೆಣಕು ಬೇಕು. ಅದಕ್ಕೇ 'ಉದ್ರೇಕಿಸು' ಎಂಬ ಕ್ರಿಯಾಪದವಿದೆ, 'ಅತಿರೇಕಿಸು' ಎಂದು ಯಾರೂ ಅನ್ನುವುದಿಲ್ಲ. ಆವೇಶ ಎಂದರೆ ಒಳಹೊಕ್ಕದ್ದು, ಪ್ರವೇಶದ ಒಡಹುಟ್ಟು. ದೇವರು ಮೈಮೇಲೆ ಬಂದದ್ದನ್ನು ಆವೇಶ ಎನ್ನಬೇಕು. ಅದನ್ನು ಭಾವಾತಿರೇಕ ಎಂದರೆ ನಂಬುವವರನ್ನು ಹಗುರ ಮಾಡಿದಂತೆ.

ಬರೆಯುವವರು ಎಡವುವುದು ಎರಡು ಕಡೆ. 'ಅತಿಯಾದ ಭಾವಾತಿರೇಕ' ಎಂದಾಗ ಅತಿ ಎರಡು ಸಲ ಬಂತು. ಎರಡನೆಯದು ಇದಕ್ಕಿಂತ ದೊಡ್ಡದು: ಕಥೆಯ ನಡುವೆ 'ಅವಳು ಭಾವಾತಿರೇಕಕ್ಕೆ ಒಳಗಾದಳು' ಎಂದು ಬರೆದರೆ ಓದುಗ ಅವಳ ಪಕ್ಕದಿಂದ ಎದ್ದು ದೂರ ಹೋಗಿ ಕೂರುತ್ತಾನೆ. ವಿಮರ್ಶೆಯಲ್ಲಿ, ವರದಿಯಲ್ಲಿ ಆ ದೂರ ಬೇಕು. ಕಥೆಯಲ್ಲಿ ಅದೇ ಕೆಡುಕು. ಅಲ್ಲಿ ಅಚ್ಚಗನ್ನಡ ಕ್ರಿಯಾಪದಗಳಿವೆ: ದುಃಖ ಉಮ್ಮಳಿಸಿತು, ಅಳು ಒತ್ತರಿಸಿ ಬಂತು, ಗಂಟಲು ಕಟ್ಟಿತು. ನಾಟ್ಯಶಾಸ್ತ್ರದ 8 ಸಾತ್ತ್ವಿಕ ಭಾವಗಳೂ (ಒಳಗಿನ ಭಾವ ಮೈಮೇಲೆ ತಾನಾಗಿ ಕಾಣುವ ಗುರುತುಗಳು) ಬೆವರು, ನಡುಕ, ಕಣ್ಣೀರು, ಒಡೆದ ದನಿ ಎಂದು ಮೈಯನ್ನೇ ತೋರಿಸುತ್ತವೆ.