ಗೋಡೆಯ ತುದಿಯ ಕಲ್ಲುಗಳು

1986ರಲ್ಲಿ ನಾನು ಐದನೇ ತರಗತಿಗೆ ಸೇರಿದಾಗ ನಮ್ಮ ಶಾಲೆಗೆ ಇದ್ದದ್ದು ಮೂರೇ ಖೋಲಿ. ಹತ್ತನೇ ತರಗತಿ ಮುಗಿಸಿ ಹೊರಡುವಾಗ ಏಳಾಗಿದ್ದವು. ನಾನೂ ಬೆಳೆದೆ, ಶಾಲೆಯೂ ಬೆಳೆಯಿತು.

ಮೂರನೇ ಖೋಲಿಯ ಗೋಡೆ ಒಂದು ತುದಿಯಲ್ಲಿ ಸಪಾಟಾಗಿ ಮುಗಿದಿರಲಿಲ್ಲ. ಒಂದು ಸಾಲು ಬಿಟ್ಟು ಒಂದು ಸಾಲಿನ ಕಲ್ಲು ಗೇಣುದ್ದ ಹೊರಗೆ ಚಾಚಿಕೊಂಡಿತ್ತು. ನಮಗೆ ಅವೇ ಪಾಟಿಚೀಲ ತೂಗುಹಾಕುವ ಗೂಟ. ಮೇಲಿನವು ದೊಡ್ಡ ಹುಡುಗರಿಗೆ, ಕೆಳಗಿನವು ನಮಗೆ. ಮಳೆಗಾಲದಲ್ಲಿ ಅವುಗಳ ಸಂದಿಯಲ್ಲಿ ಹಸಿರು ಪಾಚಿ ಕಟ್ಟಿ ಚೀಲದ ಪಟ್ಟಿಗೆ ಕಲೆಯಾಗುತ್ತಿತ್ತು. ಅವ್ವನಿಂದ ಬೈಸಿಕೊಂಡದ್ದು ಲೆಕ್ಕವಿಲ್ಲ.

ಒಮ್ಮೆ ಗೌಂಡಿ ಮುತ್ಯಾ ಮಾಳಿಗೆ ಸೋರುವುದನ್ನು ನೋಡಲು ಬಂದಿದ್ದ. ನಾನು ಕೇಳಿದೆ: "ಮುತ್ಯಾ, ಈ ಗೋಡಿ ಅರ್ಧಕ್ಕ ಯಾಕ ಬಿಟ್ಟಿ?"

"ಅರ್ಧಕ್ಕ ಬಿಟ್ಟಿಲ್ಲ ಯವ್ವಾ. ಮುಂದಿನ ಖೋಲಿಗಿ ಕೈ ಚಾಚಿ ಇಟ್ಟೀನಿ."

ಮುಂದಿನ ಬೇಸಿಗೆಯಲ್ಲಿ ಆ ಮಾತಿನ ಅರ್ಥ ಕಣ್ಣಿಗೇ ಬಿತ್ತು. ಹೊಸ ಗೋಡೆಯ ಕಲ್ಲುಗಳು ಹಳೆಯ ಕಲ್ಲುಗಳ ನಡುವೆ ಬಂದು ಕೂತವು. ಬೆರಳೊಳಗೆ ಬೆರಳು ಹೆಣೆದ ಹಾಗೆ. ಎರಡು ಗೋಡೆ ಸುಮ್ನೆ ಪಕ್ಕಪಕ್ಕ ನಿಂತರೆ ನಡುವೆ ಬಿರುಕು ಬಿಡುತ್ತದೆ, ಹೀಗೆ ಹೆಣೆದರೆ ಒಂದೇ ಗೋಡೆಯಾಗುತ್ತದೆ. ನಮ್ಮ ಶಾಹಾಬಾದ್ ಕಲ್ಲು ಇದಕ್ಕೆ ಹೇಳಿ ಮಾಡಿಸಿದಂಥದ್ದು. ಗಣಿಯಲ್ಲಿ ಉಳಿ ಇಟ್ಟು ಬಡಿದರೆ ಹಪ್ಪಳದಂತೆ ಪದರ ಪದರವಾಗಿ ಏಳುತ್ತದೆ. ನಮ್ಮ ಕಡೆ ನೆಲಕ್ಕೂ ಅದೇ, ಗೋಡೆಗೂ ಅದೇ, ಗರ್ಡರ್ ಮೇಲೆ ಹಾಸಿದರೆ ಮಾಳಿಗೆಗೂ ಅದೇ. ಹಳೆಯ ಗೋಡೆ ಕಿತ್ತರೂ ಕಲ್ಲು ಇನ್ನೊಂದು ಗೋಡೆಗೆ ಬರುತ್ತದೆ.

ಆದರೆ ನಾನು ಹೇಳಬೇಕೆಂದಿರುವುದು ಕಲ್ಲಿಗಿಂತ ಜಾಸ್ತಿ ನಮ್ಮ ಹೆಡ್‌ಮಾಸ್ತರ ಬಗ್ಗೆ. ನಾಲ್ಕನೇ ಖೋಲಿಗೆ ಪಾಯ ತೋಡುವ ಮೊದಲು ಅವರು ಖೋಖೋ ಅಂಕಣಕ್ಕೆ ಹಾಕುವ ಹಾಗೆ ಬಯಲಲ್ಲಿ ಸುಣ್ಣದ ಪುಡಿಯಿಂದ ಗೆರೆ ಹಾಕಿಸಿದರು. ಬಾಗಿಲು ಇಲ್ಲಿ, ಕಿಟಕಿ ಇಲ್ಲಿ, ಕರಿಹಲಗೆ ಇಲ್ಲಿ. "ಎರಡು ದಿನ ಇಲ್ಲೇ ಕುಂತು ನೋಡ್ರಿ" ಅಂದರು. ಆರನೇ ತರಗತಿಯವರಾದ ನಾವು ಗೋಡೆಯಿಲ್ಲದ ಖೋಲಿಯಲ್ಲಿ ಕೂತು ಲೆಕ್ಕ ಮಾಡಿದೆವು. ಮಧ್ಯಾಹ್ನ ಮೂರರ ಹೊತ್ತಿಗೆ ಬಿಸಿಲು ನೇರ ಕಣ್ಣಿಗೆ ಹೊಡೆಯಿತು. ಹಲಗೆ ಹಿಡಿದು ನಿಂತಿದ್ದ ಹುಡುಗನ ಮುಖವೇ ಕಾಣಲಿಲ್ಲ. ಸರ್ ಕಾಲಿಂದ ಗೆರೆ ಒರೆಸಿ ಹಲಗೆಯ ಜಾಗ ಬದಲಿಸಿದರು. ಪಡುವಣ ಕಿಟಕಿಯನ್ನು ತೆಗೆದು ಬಡಗಣಕ್ಕೆ ಇಟ್ಟರು. ಅದಕ್ಕೆ ಹಿಡಿದದ್ದು ಒಂದು ಬುಟ್ಟಿ ಸುಣ್ಣ ಅಷ್ಟೆ.

ಮೊದಲ ಮೂರು ಖೋಲಿಗಳ ಮುಂದಿನ ಪಡಸಾಲೆ ನಾಲ್ಕು ಅಡಿ ಅಗಲವಿತ್ತು. ಮಳೆ ಬಂದರೆ ಇರಚಲು ಗೋಡೆಯವರೆಗೆ ಬರುತ್ತಿತ್ತು, ಬುತ್ತಿ ಬಿಚ್ಚಲು ಜಾಗವಿರಲಿಲ್ಲ. ಐದನೇ ಖೋಲಿ ಕಟ್ಟುವಾಗ ಅದನ್ನು ಎಂಟು ಅಡಿ ಮಾಡಿದರು. ಅಲ್ಲಿಂದ ಶಾಲೆಯ ಜೀವವೆಲ್ಲ ಆ ಎಂಟಡಿಯೊಳಗೆ ಬಂತು. ರೊಟ್ಟಿ ತಿನ್ನುವುದು, ಮಗ್ಗಿ ಹೇಳುವುದು, ಗಣೇಶನನ್ನು ಕೂರಿಸುವುದು ಎಲ್ಲ ಅಲ್ಲೇ. ಆರನೇ ಖೋಲಿಯ ಜಾಗದಲ್ಲಿ ಬೇವಿನ ಗಿಡವಿತ್ತು. ಖೋಲಿಯನ್ನೇ ಹೊರಳಿಸಿ ಕಟ್ಟಿದರು, ಗಿಡ ಅಂಗಳದ ನಡುವೆ ಉಳಿಯಿತು. ಯಾರೂ ಅಂಗಳದ ನಕಾಶೆ ಬರೆದಿರಲಿಲ್ಲ. ಒಂದೊಂದು ಖೋಲಿ ತನ್ನ ಹಿಂದಿನದನ್ನು ನೋಡಿಕೊಂಡು ನಿಂತದ್ದರಿಂದ ಅಂಗಳ ತಾನಾಗಿ ಆಯಿತು.

ಹೀಗೆ ಸ್ವಲ್ಪ ಸ್ವಲ್ಪವಾಗಿ, ನೋಡಿಕೊಂಡು ಕಟ್ಟುವುದೂ ಒಂದು ವಿದ್ಯೆ ಅಂತ ಆಗ ಗೊತ್ತಿರಲಿಲ್ಲ. ಮುಂದೆ ಆಗಿನ ಗುಲ್ಬರ್ಗದಲ್ಲಿ ಆರ್ಕಿಟೆಕ್ಚರ್ ಓದಲು ಹೋದೆ. ರಜೆಯ ದಿನ ಬಂದೇ ನವಾಜ್ ದರ್ಗಾಕ್ಕೆ ಹೋಗಿ ಸ್ಕೆಚ್ ಮಾಡುತ್ತಿದ್ದೆ. ಸೂಫಿ ಸಂತ ಬಂದೇ ನವಾಜರು ತೀರಿಕೊಂಡದ್ದು 1422ರಲ್ಲಿ. ಅವರ ಗೋರಿಯ ಸುತ್ತ ಮುಂದಿನ ಕಾಲದಲ್ಲಿ ಮಸೀದಿ, ಯಾತ್ರಿಕರು ತಂಗುವ ಛತ್ರ, ಮದರಸಾ, ನಗಾರಖಾನೆ ಸೇರುತ್ತಾ ಬಂದವು. ಬಹಮನಿಯವರ ಕಾಲದ್ದೂ ಮೊಗಲರ ಕಾಲದ್ದೂ ಒಂದೇ ಆವರಣದಲ್ಲಿವೆ. ಆದರೂ ಉರುಸಿಗೆ ಬಂದ ಜನ ಎಲ್ಲಿ ಕೂರಬೇಕು, ಎಲ್ಲಿ ನಡೆಯಬೇಕು ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಓದುವಾಗಲೇ ಕ್ರಿಸ್ಟೋಫರ್ ಅಲೆಕ್ಸಾಂಡರ್ ಅವರ ಹೆಸರು ಸಿಕ್ಕಿತು. 1936ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಅಮೆರಿಕದ ಬರ್ಕ್ಲಿಯಲ್ಲಿ ಬಹುಕಾಲ ಪಾಠ ಹೇಳಿ, 2022ರಲ್ಲಿ ತೀರಿಕೊಂಡ ವಾಸ್ತುಶಿಲ್ಪಿ. 1960ರ ದಶಕದ ಆರಂಭದಲ್ಲಿ ಗುಜರಾತಿನ ಒಂದು ಹಳ್ಳಿಯಲ್ಲಿ ಉಳಿದು ಅಲ್ಲಿಯೂ ಒಂದು ಶಾಲೆ ಕಟ್ಟಿದವರು. 1970ರ ದಶಕದಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯ ಅವರ ಬಳಗಕ್ಕೆ ಯೋಜನೆ ಕೇಳಿದಾಗ ಅವರು ಇಪ್ಪತ್ತು ವರ್ಷ ಮುಂದಿನ ನಕಾಶೆ ಕೊಡಲಿಲ್ಲ. ಬದಲಿಗೆ ಒಂದು ಕ್ರಮ ಕೊಟ್ಟರು. ಬಳಸುವವರೇ ಏನು ಬೇಕು ಅಂತ ಹೇಳಬೇಕು. ಸಣ್ಣ ಕೆಲಸಗಳಿಗೆ ಯಾವಾಗಲೂ ಹಣ ಇರಬೇಕು, ಏಕೆಂದರೆ ಇರುವ ದುಡ್ಡೆಲ್ಲ ಒಂದು ದೊಡ್ಡ ಕಟ್ಟಡಕ್ಕೆ ಹೋದರೆ ಉಳಿದ ನೂರು ಕಡೆ ರಿಪೇರಿ ನಿಂತುಹೋಗುತ್ತದೆ. ಪ್ರತಿ ವರ್ಷ ಯಾವ ಜಾಗ ಚೆನ್ನಾಗಿದೆ, ಯಾವುದು ಸತ್ತಿದೆ ಅಂತ ನಕ್ಷೆಯಲ್ಲಿ ಗುರುತು ಹಾಕಬೇಕು. 1985ರ ಹೊತ್ತಿಗೆ ಜಪಾನಿನ ಏಷಿನ್ ಎಂಬ ಶಾಲೆ ಕಟ್ಟುವಾಗ, ಮೇಷ್ಟ್ರ ಮಾತು, ಮಕ್ಕಳ ಮಾತು ಕೇಳಿ, ಬಯಲಲ್ಲಿ ಬಾವುಟ ನೆಟ್ಟು ಕಟ್ಟಡಗಳ ಜಾಗ ಗೊತ್ತು ಮಾಡಿದರಂತೆ. ಅದನ್ನು ಓದಿದ ರಾತ್ರಿ ಹಾಸ್ಟೆಲಿನಲ್ಲಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಸರ್ ಸುಣ್ಣದಿಂದ ಮಾಡಿದ್ದೂ ಇದೇ ಅಲ್ವಾ!

ಇಷ್ಟೆಲ್ಲ ಓದಿಯೂ ನಾನು ತಪ್ಪಿದೆ. ಕೆಲಸ ಶುರುಮಾಡಿದ ಹೊಸದರಲ್ಲಿ ಒಂದು ಸಂಸ್ಥೆಯ ನೌಕರರಿಗೆ ಹನ್ನೆರಡು ಮನೆ ಬರೆದುಕೊಟ್ಟೆ. ಎಲ್ಲ ಒಂದೇ ಸಲ, ಎಲ್ಲ ಒಂದೇ ಥರ. ಪ್ರತಿ ಮನೆಗೂ ನಾಲ್ಕಡಿಯ ಪಡಸಾಲೆ ಇಟ್ಟಿದ್ದೆ. ವರ್ಷದ ಮೇಲೆ ಹೋಗಿ ನೋಡಿದರೆ ಹನ್ನೆರಡರಲ್ಲೂ ಚಪ್ಪಲಿ, ಗ್ಯಾಸ್ ಸಿಲಿಂಡರ್, ಮುರಿದ ಕುರ್ಚಿ. ಜನ ಹೊರಗೆ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತಿದ್ದರು. ಅಲೆಕ್ಸಾಂಡರ್ ಬಳಗ 1977ರಲ್ಲಿ ಹೊರತಂದ ಪುಸ್ತಕದಲ್ಲಿ ಕಟ್ಟುವ ಕೆಲಸದ 253 ಸೂತ್ರಗಳಿವೆ. ಆರಡಿಗಿಂತ ಕಿರಿದಾದ ಬಾಲ್ಕನಿಯಲ್ಲಿ ಜನ ಕೂರುವುದೇ ಅಪರೂಪ ಅನ್ನುವುದು ಅವುಗಳಲ್ಲಿ ಒಂದು. ನಾನು ಅದನ್ನು ಓದಿದ್ದೆ. ನಮ್ಮ ಶಾಲೆಯಲ್ಲಿ ಕಣ್ಣಾರೆ ಕಂಡಿದ್ದೆ ಕೂಡ. ಮೊದಲು ಎರಡು ಮನೆ ಕಟ್ಟಿ ಒಂದು ಮಳೆಗಾಲ ನೋಡಿದ್ದರೆ ಉಳಿದ ಹತ್ತು ಮನೆಗಳಾದರೂ ಉಳಿಯುತ್ತಿದ್ದವು.

ಆಮೇಲೆ ಇಂದೋರಿಗೆ ಹೋಗಿ ವಾಸ್ತುಶಿಲ್ಪಿ ಬಿ.ವಿ. ದೋಶಿಯವರು 1980ರ ದಶಕದಲ್ಲಿ ರೂಪಿಸಿದ 'ಅರಣ್ಯ' ಎಂಬ ಬಡಾವಣೆ ನೋಡಿ ಬಂದೆ. ಸುಮಾರು 6,500 ನಿವೇಶನ. ಬಡವರ ಪಾಲಿಗೆ ಕೊಟ್ಟದ್ದು ನಿವೇಶನ, ಮನೆ ಏಳಬೇಕಾದ ಕಟ್ಟೆ, ನೀರು, ಪಾಯಖಾನೆ, ಹೆಚ್ಚೆಂದರೆ ಒಂದು ಖೋಲಿ. ಉಳಿದದ್ದನ್ನು ಮನೆಯವರು ಕೈಯಲ್ಲಿ ದುಡ್ಡು ಬಂದಂತೆ ಕಟ್ಟಿಕೊಂಡರು. ಒಬ್ಬರು ಮುಂದೆ ಅಂಗಡಿ ತೆಗೆದರು, ಒಬ್ಬರು ಮೇಲೆ ಮಗನಿಗೆ ಖೋಲಿ ಏರಿಸಿದರು. 1995ರಲ್ಲಿ ಇದಕ್ಕೆ ವಾಸ್ತುಶಿಲ್ಪಕ್ಕೆ ಕೊಡುವ ಆಗಾ ಖಾನ್ ಪ್ರಶಸ್ತಿ ಬಂತು.

ಅರಣ್ಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪಾಯಖಾನೆ. ಅದು ಎಲ್ಲಕ್ಕಿಂತ ಮೊದಲು ಬಂದಿತ್ತು. ನಮ್ಮ ಶಾಲೆಯಲ್ಲಿ ಅದು ಎಲ್ಲಕ್ಕಿಂತ ಕೊನೆಗೆ ಬಂತು. ಏಳು ಖೋಲಿಯಾದರೂ ಹುಡುಗಿಯರಿಗೆ ಪಾಯಖಾನೆ ಇರಲಿಲ್ಲ. "ಮುಂದಿನ ವರ್ಷ" ಅನ್ನುತ್ತಾ ಆರು ವರ್ಷ ಕಳೆಯಿತು. ನಾವು ಮಧ್ಯಾಹ್ನ ಗುಂಪು ಕಟ್ಟಿಕೊಂಡು ತೊಗರಿ ಹೊಲದ ಕಡೆ ಹೋಗುತ್ತಿದ್ದೆವು. ತೊಗರಿ ಕೊಯ್ದ ಮೇಲೆ ಆ ಮರೆಯೂ ಇರಲಿಲ್ಲ. ಎಂಟನೇ ತರಗತಿಯ ನಂತರ ನನ್ನ ಜೊತೆಯ ಮೂವರು ಶಾಲೆ ಬಿಟ್ಟರು. ಇದೊಂದೇ ಕಾರಣ ಅಂತ ಹೇಳಲಾರೆ, ಆದರೆ ಇದೂ ಒಂದು ಕಾರಣ ಅಂತ ನಮಗೆಲ್ಲ ಗೊತ್ತಿತ್ತು. ನಮ್ಮ ಸರ್ ಬಗ್ಗೆ ನನಗಿರುವ ಗೌರವ ದೊಡ್ಡದು. ಆದರೂ ಅವರು ಸುಣ್ಣದ ಗೆರೆಯೊಳಗೆ ಹುಡುಗಿಯರನ್ನು ಕೂರಿಸಿ ಬಿಸಿಲು ಕೇಳಿದ ಹಾಗೆ ಇದನ್ನೂ ಕೇಳಬೇಕಿತ್ತು. ಸ್ವಲ್ಪ ಸ್ವಲ್ಪವಾಗಿ ಕಟ್ಟುವವರು ಯಾವುದು ಮೊದಲು ಅನ್ನುವುದನ್ನು ಬಹಳ ಪ್ರಾಮಾಣಿಕವಾಗಿ ತೀರ್ಮಾನಿಸಬೇಕು. ಚರಂಡಿ, ನೀರಿನ ಪೈಪು, ಪಾಯದ ಗಟ್ಟಿತನ ಇವನ್ನೂ ಆಮೇಲೆ ನೋಡಿದರಾಯಿತು ಅನ್ನಲಾಗದು.

ಈಗ ಶಾಲೆಗೆ ಹೊಸ ಕಟ್ಟಡ ಕಟ್ಟಲು ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿದ್ದೇವೆ. ಪೂರ್ತಿ ಜಾಗಕ್ಕೆ ಮೂರಂತಸ್ತಿನ ನಕಾಶೆ ಬರೆದು ಕಳಿಸಿ ಅಂತ ಸಮಿತಿಯವರು ಕೇಳಿದ್ದಾರೆ. ದಯವಿಟ್ಟು ಈಗಲೇ ಬೇಡ. ಈ ವರ್ಷ ಹುಡುಗಿಯರ ಪಾಯಖಾನೆಯನ್ನು ದೊಡ್ಡದು ಮಾಡಿ, ನೀರು ತರೋಣ. ಒಂದು ಓದುವ ಖೋಲಿ ಕಟ್ಟೋಣ, ಎರಡು ಕಡೆ ಬೆಳಕು ಬರುವಂಥದ್ದು. ಉಳಿದ ಹಣ ಬ್ಯಾಂಕಿನಲ್ಲಿರಲಿ.

ಜನವರಿಯ ಎರಡನೇ ಶನಿವಾರ ನಾನು ಬರುತ್ತೇನೆ. ಟೇಪು, ದಾರ ನಾನೇ ತರುತ್ತೇನೆ. ಸುಣ್ಣದ ಪುಡಿ ಅರ್ಧ ಚೀಲ ತರಿಸಿಡಿ, ಎಂಟನೇ ತರಗತಿಯ ಹುಡುಗಿಯರಿಗೆ ಅಂದು ಶಾಲೆಗೆ ಬರಲು ಹೇಳಿರಿ.